ಸರ್ ಸಿ.ವಿ. ರಾಮನ್: ಜೀವನ ಮತ್ತು ಸಾಧನೆ – ಬೆಳಕಿನ ಬಣ್ಣ ಬದಲಾಗುವ ಬಗೆ

ಪ್ರತಿ ವರ್ಷ ಫೆಬ್ರವರಿ 28ರಂದು ದೇಶದಾದ್ಯಂತ ರಾಷ್ಟ್ರೀಯ ವಿಜ್ಞಾನ ದಿನವನ್ನು ಆಚರಿಸಲಾಗುತ್ತದೆ. 1928ರ ಅದೇ ದಿನದಂದು ಸರ್ ಚಂದ್ರಶೇಖರ ವೆಂಕಟ ರಾಮನ್ ಅವರು ಕಂಡುಕೊಂಡ ಸಂಗತಿಯೇ ಈ ಆಚರಣೆಗೆ ಕಾರಣ. ವಿವಿಧ ಸೇವೆಗಳಿಗಾಗಿ ಅರ್ಜಿ ಸಲ್ಲಿಸಲು ಬರುವ ಸಾರ್ವಜನಿಕರ, ವಿಶೇಷವಾಗಿ ವಿದ್ಯಾರ್ಥಿಗಳ ಮತ್ತು ಪೋಷಕರ ಅವಗಾಹನೆಗಾಗಿ ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ. ಅವರ ಹೆಸರು ಎಲ್ಲರಿಗೂ ಪರಿಚಿತವಾದರೂ, ಅವರು ಕಂಡುಹಿಡಿದದ್ದು ಏನು, ಅದಕ್ಕೂ ಇಂದಿನ ಲೇಸರ್ ಹರಳುಗಳಿಗೂ ಏನು ಸಂಬಂಧ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಈ ಲೇಖನವನ್ನು ಓದಲು ವಿಜ್ಞಾನದ ವಿಶೇಷ ವ್ಯಾಸಂಗದ ಅಗತ್ಯವಿಲ್ಲ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಾಮನ್ ಅವರು 1888ರ ನವೆಂಬರ್ 7ರಂದು ತಿರುಚಿನಾಪಳ್ಳಿಯ ಸಮೀಪದ ತಿರುವಾನೈಕಾವಲ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತವಿಜ್ಞಾನದ ಅಧ್ಯಾಪಕರು. ತಾಯಿ ಪಾರ್ವತಿ ಅಮ್ಮಾಳ್. ತಂದೆಯವರಿಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ದೊರೆತುದರಿಂದ ಕುಟುಂಬವು ಅಲ್ಲಿಗೆ ತೆರಳಿತು. ಮನೆಯಲ್ಲಿ ಪುಸ್ತಕಗಳಿಗೂ ಸಂಗೀತಕ್ಕೂ ಕೊರತೆ ಇರಲಿಲ್ಲ. ತಂದೆಯವರು ಪಿಟೀಲು ನುಡಿಸುತ್ತಿದ್ದರು.

ಹನ್ನೊಂದನೆಯ ವಯಸ್ಸಿನಲ್ಲಿಯೇ ಮೆಟ್ರಿಕ್ಯುಲೇಷನ್ ಮುಗಿಸಿದ ರಾಮನ್, ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ 1904ರಲ್ಲಿ ಬಿ.ಎ. ಪದವಿಯನ್ನು ಪ್ರಥಮ ಸ್ಥಾನದೊಂದಿಗೆ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಬೆಳಕಿನ ವಿವರ್ತನೆಯನ್ನು ಕುರಿತ ಅವರ ಮೊದಲ ಪ್ರಬಂಧವು ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನ್ ಪತ್ರಿಕೆಯಲ್ಲಿ ಪ್ರಕಟವಾಯಿತು. 1907ರಲ್ಲಿ ಎಂ.ಎ. ಪದವಿ ಪೂರೈಸಿದರು. ಉನ್ನತ ವ್ಯಾಸಂಗಕ್ಕೆ ಇಂಗ್ಲೆಂಡಿಗೆ ಕಳುಹಿಸುವ ಆಲೋಚನೆ ಇತ್ತಾದರೂ, ಅಲ್ಲಿಯ ಹವೆಯನ್ನು ಅವರ ದೇಹ ತಾಳಲಾರದೆಂದು ಸರ್ಕಾರಿ ವೈದ್ಯರು ಅಭಿಪ್ರಾಯಪಟ್ಟುದರಿಂದ ಅದು ಕೈಗೂಡಲಿಲ್ಲ.

ಲೆಕ್ಕಪತ್ರ ಇಲಾಖೆಯಲ್ಲಿ ಹತ್ತು ವರ್ಷಗಳ ಸೇವೆ

ಅಂದಿನ ದಿನಗಳಲ್ಲಿ ವಿಜ್ಞಾನದಲ್ಲಿ ಆಸಕ್ತಿಯುಳ್ಳ ಭಾರತೀಯ ಯುವಕನಿಗೆ ಸಂಶೋಧನೆಯನ್ನೇ ಜೀವನೋಪಾಯವಾಗಿ ಮಾಡಿಕೊಳ್ಳುವ ಅವಕಾಶಗಳು ಬಹುಮಟ್ಟಿಗೆ ಇರಲಿಲ್ಲ. ಆದ್ದರಿಂದ ರಾಮನ್ ಅವರು ಹಣಕಾಸು ಸೇವೆಯ ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತು ಪ್ರಥಮ ಸ್ಥಾನ ಗಳಿಸಿದರು. ಅದೇ ವರ್ಷ ಲೋಕಸುಂದರಿ ಅಮ್ಮಾಳ್ ಅವರನ್ನು ವಿವಾಹವಾದರು. 1907ರ ಮಧ್ಯಭಾಗದಲ್ಲಿ, ಹತ್ತೊಂಬತ್ತು ವರ್ಷ ತುಂಬುವ ಮೊದಲೇ, ಕಲ್ಕತ್ತೆಯಲ್ಲಿ ಸಹಾಯಕ ಮಹಾಲೇಖಪಾಲರಾಗಿ ಅಧಿಕಾರ ವಹಿಸಿಕೊಂಡರು.

ಕಲ್ಕತ್ತೆಯ ಬೌಬಜಾರ್ ರಸ್ತೆಯಲ್ಲಿ ಟ್ರಾಮ್ ಗಾಡಿಯಲ್ಲಿ ಹೋಗುತ್ತಿದ್ದಾಗ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಎಂಬ ನಾಮಫಲಕ ಅವರ ಕಣ್ಣಿಗೆ ಬಿತ್ತು. ಡಾ. ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಪ್ರಯೋಗಾಲಯವು ಆ ವೇಳೆಗೆ ಬಳಸುವವರಿಲ್ಲದೆ ಇತ್ತು. ಕಾರ್ಯದರ್ಶಿಗಳಾಗಿದ್ದ ಅಮೃತಲಾಲ್ ಸರ್ಕಾರ್ ಅವರು ರಾಮನ್ ಅವರನ್ನು ಆದರದಿಂದ ಬರಮಾಡಿಕೊಂಡರು. ಅಂದಿನಿಂದ ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ಮತ್ತು ಸಂಜೆ ಕಚೇರಿ ಮುಗಿದ ನಂತರ ರಾತ್ರಿಯವರೆಗೆ ಅಲ್ಲಿ ಪ್ರಯೋಗ ನಡೆಸುವುದು ಅವರ ದಿನಚರಿಯಾಯಿತು. ಕಚೇರಿಯ ಲೆಕ್ಕಗಳನ್ನು ಕಡೆಗಣಿಸಿದರೆಂಬ ದೂರಿಗೆ ಅವರು ಎಡೆಗೊಡಲಿಲ್ಲ. ರಂಗೂನ್ ಮತ್ತು ನಾಗಪುರಗಳಿಗೆ ವರ್ಗಾವಣೆಯಾದಾಗಲೂ ಸಂಶೋಧನೆಯನ್ನು ಕೈಬಿಡಲಿಲ್ಲ. 1911ರಲ್ಲಿ ಪುನಃ ಕಲ್ಕತ್ತೆಗೆ ಬಂದರು.

ಈ ಅವಧಿಯಲ್ಲಿ ಅವರ ಗಮನವನ್ನು ಹೆಚ್ಚಾಗಿ ಸೆಳೆದದ್ದು ಸಂಗೀತ ವಾದ್ಯಗಳ ಕಂಪನ. ಸಾಮಾನ್ಯ ತಮಟೆಯ ಚರ್ಮವನ್ನು ಬಡಿದಾಗ ಹೊರಡುವ ಉಪಸ್ವರಗಳು ಒಂದಕ್ಕೊಂದು ಹೊಂದಿಕೊಳ್ಳುವುದಿಲ್ಲ. ಆದ್ದರಿಂದ ಅದು ಬರಿಯ ಸದ್ದಾಗಿ ಕೇಳುತ್ತದೆ. ಮೃದಂಗ ಮತ್ತು ತಬಲಗಳಲ್ಲಿ ಚರ್ಮದ ಮೇಲಿನ ಕಪ್ಪು ಲೇಪವು ಆ ಉಪಸ್ವರಗಳನ್ನು ಕ್ರಮಕ್ಕೆ ತಂದು ಶ್ರುತಿಯನ್ನು ಒದಗಿಸುತ್ತದೆ. ಇದನ್ನು ಅವರು ಪ್ರಯೋಗದ ಮೂಲಕ ತೋರಿಸಿಕೊಟ್ಟರು. ಕಂಪನದಲ್ಲಿನ ಕ್ರಮ ಮತ್ತು ಅಕ್ರಮ ಎಂಬ ಈ ವಿಷಯವು ಅವರ ಜೀವನದುದ್ದಕ್ಕೂ ಬೇರೆ ಬೇರೆ ರೂಪದಲ್ಲಿ ಮರಳಿ ಬಂದಿತು.

ಸರ್ಕಾರಿ ಹುದ್ದೆಗೆ ರಾಜೀನಾಮೆ

ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ತಾರಕನಾಥ ಪಾಲಿತ್ ಅವರ ದತ್ತಿಯಿಂದ ಭೌತವಿಜ್ಞಾನದ ಪ್ರಾಧ್ಯಾಪಕ ಪೀಠವೊಂದು ಸ್ಥಾಪಿತವಾಗಿತ್ತು. ಸರ್ ಅಶುತೋಷ್ ಮುಖರ್ಜಿ ಅವರು ಆ ಹುದ್ದೆಯನ್ನು ರಾಮನ್ ಅವರಿಗೆ ನೀಡಲು ಮುಂದಾದರು. ಸದರಿ ಹುದ್ದೆಗೆ ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ಷರತ್ತು ಇತ್ತು. ರಾಮನ್ ಅವರು ಅದಕ್ಕೆ ಒಪ್ಪದ ಕಾರಣ ಷರತ್ತನ್ನೇ ಸಡಿಲಿಸಲಾಯಿತು. 1917ರಲ್ಲಿ ಅವರು ಹಣಕಾಸು ಸೇವೆಗೆ ರಾಜೀನಾಮೆ ನೀಡಿ ಪ್ರಾಧ್ಯಾಪಕರಾದರು. ಹೊಸ ಹುದ್ದೆಯ ಸಂಬಳ ಹಳೆಯ ಹುದ್ದೆಯದರ ಸರಿಸುಮಾರು ಅರ್ಧದಷ್ಟಿತ್ತು. ಬಡ್ತಿ, ನಿವೃತ್ತಿ ವೇತನ ಮತ್ತು ಅಧಿಕಾರ ಎಲ್ಲವೂ ಖಚಿತವಾಗಿದ್ದ ಹುದ್ದೆಯನ್ನು, ಮನೆಯ ಜವಾಬ್ದಾರಿ ಇದ್ದ ಇಪ್ಪತ್ತೆಂಟರ ವಯಸ್ಸಿನಲ್ಲಿ ಬಿಟ್ಟುಕೊಡುವುದು ಸುಲಭದ ನಿರ್ಧಾರವಾಗಿರಲಿಲ್ಲ ಎಂಬುದನ್ನು ಸರ್ಕಾರಿ ಸೇವೆಯಲ್ಲಿರುವವರು ಚೆನ್ನಾಗಿ ಬಲ್ಲರು.

ಸಮುದ್ರದ ನೀಲಿ

1921ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ನಡೆದ ವಿಶ್ವವಿದ್ಯಾನಿಲಯಗಳ ಸಮ್ಮೇಳನಕ್ಕೆ ಹೋಗಿ ಹಡಗಿನಲ್ಲಿ ಹಿಂದಿರುಗುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಬಣ್ಣವು ರಾಮನ್ ಅವರ ಗಮನ ಸೆಳೆಯಿತು. ಸಮುದ್ರದ ನೀಲಿಯು ಆಕಾಶದ ನೀಲಿಯ ಪ್ರತಿಬಿಂಬವೆಂದು ಲಾರ್ಡ್ ರ‍್ಯಾಲೆ ಅವರು ಅಭಿಪ್ರಾಯಪಟ್ಟಿದ್ದರು. ರಾಮನ್ ಅವರು ತಮ್ಮ ಬಳಿ ಇದ್ದ ನಿಕಾಲ್ ಪಟ್ಟಕದ ನೆರವಿನಿಂದ ನೀರಿನ ಮೇಲ್ಮೈಯ ಪ್ರತಿಫಲನವನ್ನು ತಡೆದು ನೋಡಿದರು. ನೀಲಿ ಬಣ್ಣ ಮಾಯವಾಗಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂಬ ತೀರ್ಮಾನಕ್ಕೆ ಅವರು ಬಂದರು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ನೀರಿನಲ್ಲಿ ಅಣುಗಳು ಎಲ್ಲೆಡೆ ಸಮಾನವಾಗಿ ಹರಡಿದ್ದರೆ, ಅವು ಪಕ್ಕಕ್ಕೆ ಚದುರಿಸಿದ ಬೆಳಕು ಒಂದನ್ನೊಂದು ರದ್ದುಗೊಳಿಸಿ ಏನೂ ಕಾಣಿಸುತ್ತಿರಲಿಲ್ಲ. ಅಣುಗಳು ಎಡೆಬಿಡದೆ ಚಲಿಸುತ್ತಾ ಒಂದೆಡೆ ದಟ್ಟವಾಗಿ, ಇನ್ನೊಂದೆಡೆ ವಿರಳವಾಗಿ ಇರುವುದರಿಂದಲೇ ಬೆಳಕು ಚದುರುತ್ತದೆ. ಅಂದರೆ ಸಮುದ್ರದ ನೀಲಿಗೆ ಅಣುಗಳ ಅಸ್ತವ್ಯಸ್ತತೆಯೂ ಒಂದು ಕಾರಣ. 1922ರಲ್ಲಿ ಈ ವಿಷಯ ಕುರಿತ ಅವರ ಗ್ರಂಥವನ್ನು ಕಲ್ಕತ್ತಾ ವಿಶ್ವವಿದ್ಯಾನಿಲಯ ಪ್ರಕಟಿಸಿತು. 1924ರಲ್ಲಿ ಅವರು ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು.

1928ರ ಫೆಬ್ರವರಿ 28

ದ್ರವಗಳಲ್ಲಿ ಚದುರಿದ ಬೆಳಕನ್ನು ಪರೀಕ್ಷಿಸುತ್ತಿದ್ದ ರಾಮನ್ ಅವರ ಶಿಷ್ಯರಿಗೆ ಒಂದು ಸಣ್ಣ ತೊಡಕು ಪದೇ ಪದೇ ಎದುರಾಗುತ್ತಿತ್ತು. ಒಳಕ್ಕೆ ಬಿಟ್ಟ ಬಣ್ಣದ ಜೊತೆಗೆ ಬೇರೆ ಬಣ್ಣದ ಅತಿ ಕ್ಷೀಣವಾದ ಬೆಳಕೂ ಹೊರಬರುತ್ತಿತ್ತು. 1923ರಲ್ಲಿ ಕೆ.ಆರ್. ರಾಮನಾಥನ್ ಅವರು ಇದನ್ನು ಗುರುತಿಸಿದರು. ದ್ರವದಲ್ಲಿನ ಕಲ್ಮಶವೇ ಇದಕ್ಕೆ ಕಾರಣವಿರಬಹುದೆಂದು ದ್ರವವನ್ನು ಮತ್ತೆ ಮತ್ತೆ ಶುದ್ಧೀಕರಿಸಿದರೂ ಅದು ಹೋಗಲಿಲ್ಲ. ಬಳಿಕ ಕೆ.ಎಸ್. ಕೃಷ್ಣನ್ ಮತ್ತು ವೆಂಕಟೇಶ್ವರನ್ ಅವರೂ ಇದನ್ನೇ ಕಂಡರು. ತೊಡಕೆಂದು ಬದಿಗೆ ಸರಿಸಬಹುದಾಗಿದ್ದ ಈ ಕ್ಷೀಣ ಬೆಳಕನ್ನೇ ರಾಮನ್ ಅವರು ಮುಖ್ಯ ವಿಷಯವಾಗಿ ತೆಗೆದುಕೊಂಡರು.

1928ರ ಫೆಬ್ರವರಿ ತಿಂಗಳಿನಲ್ಲಿ ಕೃಷ್ಣನ್ ಅವರೊಂದಿಗೆ ಪ್ರಯೋಗಗಳನ್ನು ತೀವ್ರಗೊಳಿಸಲಾಯಿತು. ದೂರದರ್ಶಕದ ಮಸೂರದಿಂದ ಸೂರ್ಯನ ಬೆಳಕನ್ನು ಒಟ್ಟುಗೂಡಿಸಿ, ಬಣ್ಣದ ಗಾಜಿನ ಮೂಲಕ ಹಾಯಿಸಿ, ಶುದ್ಧ ದ್ರವದೊಳಕ್ಕೆ ಬಿಡಲಾಯಿತು. ಆ ಬಣ್ಣವನ್ನು ಪೂರ್ಣವಾಗಿ ತಡೆಯುವ ಇನ್ನೊಂದು ಗಾಜನ್ನು ಕಣ್ಣಿನ ಮುಂದೆ ಹಿಡಿದಾಗ ಏನೂ ಕಾಣಬಾರದಾಗಿತ್ತು. ಆದರೂ ಮಸುಕಾದ ಬೆಳಕು ಕಂಡಿತು. ಫೆಬ್ರವರಿ 28ರಂದು ರೋಹಿತದರ್ಶಕದ ಮೂಲಕ ನೋಡಿದಾಗ, ಹೊಸ ಬೆಳಕು ಮೂಲ ಬೆಳಕಿನಿಂದ ಪ್ರತ್ಯೇಕವಾಗಿ, ನಡುವೆ ಕತ್ತಲೆಯ ಅಂತರವನ್ನು ಬಿಟ್ಟು ನಿಂತಿರುವುದು ಸ್ಪಷ್ಟವಾಯಿತು. ಮರುದಿನ ಈ ಸಂಗತಿಯನ್ನು ಪತ್ರಿಕೆಗಳಿಗೆ ತಿಳಿಸಲಾಯಿತು. ಅದೇ ವರ್ಷದ ಮಾರ್ಚ್ 16ರಂದು ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ರಾಮನ್ ಅವರು ಈ ಆವಿಷ್ಕಾರವನ್ನು ವಿವರವಾಗಿ ಮಂಡಿಸಿದರು. ನಮ್ಮ ರಾಜಧಾನಿಗೆ ಈ ಗೌರವ ಸಂದಿರುವುದು ಸಂತಸದ ವಿಷಯ.

ಸರಿಸುಮಾರು ಇದೇ ಸಮಯದಲ್ಲಿ ಮಾಸ್ಕೋದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮ್ ಅವರು ಬೆಣಚುಕಲ್ಲಿನ, ಅಂದರೆ ಕ್ವಾರ್ಟ್ಸ್‌ನ, ಹರಳಿನಲ್ಲಿ ಇದೇ ಪರಿಣಾಮವನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದರು. ಆದರೆ ಮೊದಲು ಪ್ರಕಟಿಸಿದವರು ರಾಮನ್ ಅವರು. 1929ರಲ್ಲಿ ಅವರಿಗೆ ಸರ್ ಪದವಿಯೂ 1930ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯೂ ಲಭಿಸಿದವು. ವಿಜ್ಞಾನದಲ್ಲಿ ಈ ಪ್ರಶಸ್ತಿ ಪಡೆದ ಮೊದಲ ಏಷ್ಯಾದವರು ಅವರೇ.

ರಾಮನ್ ಪರಿಣಾಮ ಎಂದರೇನು?

ಬೆಳಕಿನ ಬಣ್ಣವನ್ನು ನಿರ್ಧರಿಸುವುದು ಅದರ ಆವೃತ್ತಿ, ಅಂದರೆ ಒಂದು ಸೆಕೆಂಡಿನಲ್ಲಿ ಅದು ಎಷ್ಟು ಬಾರಿ ಕಂಪಿಸುತ್ತದೆ ಎಂಬ ಸಂಖ್ಯೆ. ಬೆಳಕಿನ ಕಣವೊಂದು ಅಣುವನ್ನು ತಾಗಿದಾಗ ಸಾಮಾನ್ಯವಾಗಿ ಅದೇ ಆವೃತ್ತಿಯಲ್ಲಿ ಹೊರಬರುತ್ತದೆ. ಹೀಗೆ ಚದುರಿದ ಸುಮಾರು ಒಂದು ಕೋಟಿ ಕಣಗಳಲ್ಲಿ ಒಂದು ಮಾತ್ರ ತನ್ನ ಶಕ್ತಿಯ ಒಂದು ಪಾಲನ್ನು ಅಣುವಿನ ಕಂಪನಕ್ಕೆ ಕೊಟ್ಟು ಕಡಿಮೆ ಆವೃತ್ತಿಯಲ್ಲಿ ಹೊರಬೀಳುತ್ತದೆ. ಅಣು ಮೊದಲೇ ಕಂಪಿಸುತ್ತಿದ್ದರೆ ಅದರಿಂದ ಶಕ್ತಿ ಪಡೆದು ಹೆಚ್ಚಿನ ಆವೃತ್ತಿಯಲ್ಲಿ ಬರುವುದೂ ಉಂಟು. ಜಮಾ-ಖರ್ಚಿನ ಪುಸ್ತಕದಂತೆ ಇಲ್ಲಿಯೂ ಲೆಕ್ಕ ತಾಳೆಯಾಗುತ್ತದೆ: ಬೆಳಕು ಕಳೆದುಕೊಂಡದ್ದು ಅಣುವಿನ ಖಾತೆಗೆ ಜಮೆಯಾಗುತ್ತದೆ. ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಕಂಪನಗಳಿರುವುದರಿಂದ, ಬದಲಾದ ಬಣ್ಣಗಳನ್ನು ಅಳೆದು ಅದು ಯಾವ ವಸ್ತುವೆಂದು ಗುರುತಿಸಬಹುದು. ಔಷಧಗಳ ಪರೀಕ್ಷೆ ಮತ್ತು ರತ್ನಗಳ ಪರೀಕ್ಷೆಯಲ್ಲಿ ಈ ವಿಧಾನವನ್ನು ಬಳಸಲಾಗುತ್ತಿದೆ.

ಬೆಂಗಳೂರಿನ ವರ್ಷಗಳು

1933ರಲ್ಲಿ ರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಆ ಹುದ್ದೆಗೇರಿದ ಮೊದಲ ಭಾರತೀಯರು ಅವರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಆಡಳಿತದಲ್ಲಿ ಉಂಟಾದ ಭಿನ್ನಾಭಿಪ್ರಾಯಗಳ ಹಿನ್ನೆಲೆಯಲ್ಲಿ 1937ರಲ್ಲಿ ನಿರ್ದೇಶಕ ಸ್ಥಾನವನ್ನು ತೊರೆದರಾದರೂ, 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿ ಮುಂದುವರಿದರು. ನಿವೃತ್ತಿಯ ನಂತರ, ಮೈಸೂರು ಸಂಸ್ಥಾನವು ಹಿಂದೆ ಅಕಾಡೆಮಿಗೆ ನೀಡಿದ್ದ ಜಾಗದಲ್ಲಿ ರಾಮನ್ ಸಂಶೋಧನಾ ಸಂಸ್ಥೆಯನ್ನು ಕಟ್ಟಿ ಬೆಳೆಸಿದರು. 1954ರಲ್ಲಿ ಭಾರತ ಸರ್ಕಾರವು ಅವರಿಗೆ ಭಾರತ ರತ್ನ ನೀಡಿ ಗೌರವಿಸಿತು.

ಹರಳಿನೊಳಗಿನ ಕಂಪನ ಮತ್ತು ಒಂದು ವಿವಾದ

ಬೆಂಗಳೂರಿನಲ್ಲಿ ಅವರ ಆಸಕ್ತಿ ಹೆಚ್ಚಾಗಿ ಹರಳುಗಳ ಕಡೆಗೆ ಹೊರಳಿತು. 1940ರಲ್ಲಿ ಶಿಷ್ಯ ನೆಡುಂಗಾಡಿ ಅವರೊಂದಿಗೆ ಬೆಣಚುಕಲ್ಲಿನ ಹರಳನ್ನು ಕಾಯಿಸುತ್ತಾ ಅದರಿಂದ ಚದುರಿದ ಬೆಳಕನ್ನು ಪರೀಕ್ಷಿಸಿದರು. ಸುಮಾರು 573 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಈ ಹರಳಿನ ಒಳರಚನೆ ಬದಲಾಗುತ್ತದೆ. ಆ ತಾಪವನ್ನು ಸಮೀಪಿಸುತ್ತಿದ್ದಂತೆ ಒಂದು ಕಂಪನದ ಆವೃತ್ತಿ ಇಳಿಯುತ್ತಾ, ಅದರ ರೇಖೆ ಅಗಲವಾಗುತ್ತಾ ಹೋಗುವುದನ್ನು ಅವರು ಕಂಡರು. ಬಿಗಿಯಾಗಿದ್ದ ತಂತಿ ಸಡಿಲಗೊಂಡು ಸ್ವರ ಇಳಿದಂತೆ, ಹರಳು ಬದಲಾಗುವ ಮುನ್ನ ಅದರ ಒಂದು ಕಂಪನವು ಸಡಿಲವಾಗುತ್ತದೆ ಎಂಬುದೇ ಇದರ ಅರ್ಥ.

ಈ ವೀಕ್ಷಣೆಯ ಮಹತ್ವ ಸ್ಪಷ್ಟವಾದದ್ದು ಸುಮಾರು ಇಪ್ಪತ್ತು ವರ್ಷಗಳ ನಂತರ, ಫೆರೋಎಲೆಕ್ಟ್ರಿಕ್ ಹರಳುಗಳನ್ನು ಅರ್ಥಮಾಡಿಕೊಳ್ಳುವ ಪ್ರಯತ್ನದಲ್ಲಿ. ಹೆಸರಿನಲ್ಲಿ ಕಬ್ಬಿಣದ ಸೂಚನೆ ಇದ್ದರೂ ಇವುಗಳಲ್ಲಿ ಕಬ್ಬಿಣ ಇರಬೇಕೆಂದಿಲ್ಲ. ಅಯಸ್ಕಾಂತಕ್ಕೆ ಉತ್ತರ-ದಕ್ಷಿಣ ಧ್ರುವಗಳಿರುವಂತೆ ಈ ಹರಳುಗಳಲ್ಲಿ ಧನ-ಋಣ ವಿದ್ಯುತ್ ಧ್ರುವಗಳು ತಾವಾಗಿಯೇ ಇರುತ್ತವೆ; ಹೊರಗಿನಿಂದ ವಿದ್ಯುತ್ ಕ್ಷೇತ್ರವನ್ನು ಪ್ರಯೋಗಿಸಿ ಅವುಗಳ ದಿಕ್ಕನ್ನು ತಿರುಗಿಸಬಹುದು. ಒಂದು ನಿರ್ದಿಷ್ಟ ತಾಪದ ಮೇಲೆ ಈ ಗುಣ ಹೋಗುತ್ತದೆ. ಇಂತಹ ಅನೇಕ ಹರಳುಗಳಲ್ಲಿ ಈ ಬದಲಾವಣೆಗೆ ಕಂಪನವೊಂದರ ಸಡಿಲಿಕೆಯೇ ಕಾರಣವೆಂಬ ಸಿದ್ಧಾಂತವನ್ನು 1960ರ ಆಸುಪಾಸಿನಲ್ಲಿ ಕಾಕ್ರನ್ ಮೊದಲಾದವರು ರೂಪಿಸಿದರು. ಬೆಂಗಳೂರಿನ 1940ರ ಪ್ರಯೋಗವು ಅದರ ಪೂರ್ವಸೂಚನೆಯಾಗಿತ್ತು.

ಇದೇ ಅವಧಿಯಲ್ಲಿ ರಾಮನ್ ಅವರು ಒಂದು ದೀರ್ಘ ವಿವಾದದಲ್ಲಿಯೂ ತೊಡಗಿದರು. ಹರಳಿನ ಪರಮಾಣುಗಳು ಕೆಲವೇ ನಿಶ್ಚಿತ ಆವೃತ್ತಿಗಳಲ್ಲಿ ಕಂಪಿಸುತ್ತವೆ ಎಂಬುದು ಅವರ ವಾದ. ಆವೃತ್ತಿಗಳು ಬಿಡುವಿಲ್ಲದೆ ಹರಡಿರುತ್ತವೆ ಎಂಬುದು ಮ್ಯಾಕ್ಸ್ ಬಾರ್ನ್ ಅವರ ಸಿದ್ಧಾಂತ. 1935ರಲ್ಲಿ ಬಾರ್ನ್ ಅವರನ್ನು ಬೆಂಗಳೂರಿಗೆ ಆಹ್ವಾನಿಸಿದ್ದವರು ಸ್ವತಃ ರಾಮನ್ ಅವರೇ. ವಜ್ರದಂತಹ ಪರಿಪೂರ್ಣ ಹರಳಿನ ಶಿಸ್ತಿನ ಬಗ್ಗೆ ರಾಮನ್ ಅವರಿಗೆ ಅಪಾರ ನಂಬಿಕೆ ಇತ್ತು. ಮುಂದೆ ನಡೆದ ಪ್ರಯೋಗಗಳು ಬಾರ್ನ್ ಅವರ ಸಿದ್ಧಾಂತವನ್ನೇ ಎತ್ತಿಹಿಡಿದವು. ರಾಮನ್ ಅವರು ಮಾತ್ರ ತಮ್ಮ ನಿಲುವನ್ನು ಬಿಡಲಿಲ್ಲ. ಅವರ ಸಿದ್ಧಾಂತ ನಿಲ್ಲಲಿಲ್ಲ. ಅವರ ವೀಕ್ಷಣೆಗಳು ನಿಂತವು.

ಲೇಸರ್ ಯುಗ: ಹರಳಿನಲ್ಲಿ ಬಣ್ಣದ ಪರಿವರ್ತನೆ

1960ರಲ್ಲಿ ಲೇಸರ್ ನಿರ್ಮಾಣವಾದ ನಂತರ ಬೆಳಕಿನ ಬಣ್ಣವನ್ನು ಬದಲಿಸುವ ಹೊಸ ದಾರಿಗಳು ತೆರೆದುಕೊಂಡವು. 1961ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಫ್ರಾಂಕೆನ್ ಮತ್ತು ಸಂಗಡಿಗರು ಮಾಣಿಕ್ಯ ಲೇಸರಿನ ಕೆಂಪು ಬೆಳಕನ್ನು ಬೆಣಚುಕಲ್ಲಿನ ಹರಳಿನೊಳಕ್ಕೆ ಹಾಯಿಸಿದರು. ಎರಡೆರಡು ಬೆಳಕಿನ ಕಣಗಳು ಕೂಡಿ ಇಮ್ಮಡಿ ಆವೃತ್ತಿಯ ಒಂದು ಕಣವಾಗಿ, ನೇರಳಾತೀತ ಬೆಳಕು ಹೊರಬಂದಿತು. ಅದು ಛಾಯಾಚಿತ್ರದಲ್ಲಿ ಮೂಡಿಸಿದ್ದ ಚುಕ್ಕೆ ಎಷ್ಟು ಮಸುಕಾಗಿತ್ತೆಂದರೆ, ಮುದ್ರಣದ ಹಂತದಲ್ಲಿ ಅದನ್ನು ಕಲೆಯೆಂದು ಭಾವಿಸಿ ಅಳಿಸಲಾಯಿತು ಎಂದು ಹೇಳಲಾಗುತ್ತದೆ. 1962ರಲ್ಲಿ ರಾಮನ್ ಪರಿಣಾಮವೂ ಲೇಸರಿನ ತೀವ್ರ ಬೆಳಕಿನಲ್ಲಿ ಪ್ರಬಲ ಕಿರಣವಾಗಿ ಹೊಮ್ಮಬಲ್ಲುದೆಂದು ಕಂಡುಬಂದಿತು. ಕೋಟಿಗೊಂದು ಎಂದಿದ್ದ ಪ್ರಮಾಣ ಅಲ್ಲಿ ಅನೇಕ ಪಟ್ಟು ಹೆಚ್ಚಿತು.

ಆವೃತ್ತಿಯನ್ನು ಇಮ್ಮಡಿಗೊಳಿಸುವುದರಲ್ಲಿ ಒಂದು ತೊಂದರೆ ಇದೆ. ಹರಳಿನೊಳಗೆ ಎರಡು ಬಣ್ಣಗಳ ವೇಗ ಒಂದೇ ಆಗಿರುವುದಿಲ್ಲ. ಆದ್ದರಿಂದ ಮೊದಲು ಹುಟ್ಟಿದ ಹೊಸ ಬೆಳಕೂ ಅನಂತರ ಹುಟ್ಟಿದ್ದೂ ಹೆಜ್ಜೆ ತಪ್ಪಿ ಒಂದನ್ನೊಂದು ರದ್ದುಗೊಳಿಸುತ್ತವೆ. ಫೆರೋಎಲೆಕ್ಟ್ರಿಕ್ ಹರಳಿನಲ್ಲಿ ಇದಕ್ಕೆ ಪರಿಹಾರ ದೊರೆಯಿತು. ಹೆಜ್ಜೆ ತಪ್ಪುವ ಪ್ರತಿಯೊಂದು ಸ್ಥಳದಲ್ಲಿ ಧ್ರುವದ ದಿಕ್ಕನ್ನು ತಿರುಗಿಸಿದರೆ, ಕಳೆಯಬೇಕಾದದ್ದು ಕೂಡಿಕೊಳ್ಳುತ್ತದೆ. ಲಿಥಿಯಂ ನಿಯೊಬೇಟ್ ಹರಳಿನಲ್ಲಿ ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟು ತೆಳುವಾದ ಪದರಗಳಾಗಿ ಹೀಗೆ ಮಾಡಲಾಗುತ್ತದೆ. ಆದರೆ ಒಂದು ಅಳತೆಯ ಪದರಗಳು ಒಂದು ಬಣ್ಣಕ್ಕೆ ಮಾತ್ರ ಹೊಂದುತ್ತವೆ. ಬಣ್ಣವಾಗಲಿ ತಾಪವಾಗಲಿ ಸ್ವಲ್ಪ ಬದಲಾದರೂ ಲೆಕ್ಕ ತಪ್ಪುತ್ತದೆ.

ಸ್ಟ್ರಾನ್ಷಿಯಂ ಬೇರಿಯಂ ನಿಯೊಬೇಟ್‌ನಂತಹ ಹರಳುಗಳಲ್ಲಿ ಇಂತಹ ಪದರಗಳನ್ನು ಯಾರೂ ರೂಪಿಸಬೇಕಾಗಿಲ್ಲ. ಅವುಗಳಲ್ಲಿ ಸೂಜಿಯಂತಹ ಸಣ್ಣ ವಲಯಗಳು ತಾವಾಗಿಯೇ ಮೂಡುತ್ತವೆ. ಅಕ್ಕಪಕ್ಕದ ವಲಯಗಳ ಧ್ರುವಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿದ್ದು, ಅಗಲ ಮತ್ತು ಸ್ಥಾನಗಳಿಗೆ ಯಾವ ಕ್ರಮವೂ ಇರುವುದಿಲ್ಲ. ಮೇಲ್ನೋಟಕ್ಕೆ ಇದು ದೋಷ. ಆದರೆ ಎಲ್ಲ ಅಳತೆಯ ವಲಯಗಳೂ ಇರುವುದರಿಂದ, ಒಳಕ್ಕೆ ಬಂದ ಬೆಳಕು ಯಾವ ಬಣ್ಣದ್ದಾಗಿದ್ದರೂ ಅದಕ್ಕೆ ಹೊಂದುವ ಕೆಲವು ವಲಯಗಳು ದೊರೆಯುತ್ತವೆ. ಹೀಗಾಗಿ ವಿಶಾಲ ವ್ಯಾಪ್ತಿಯ ಬಣ್ಣಗಳ ಆವೃತ್ತಿಯನ್ನು, ಹರಳನ್ನು ಅತ್ತಿತ್ತ ತಿರುಗಿಸಿ ಹೊಂದಿಸುವ ಗೋಜಿಲ್ಲದೆ, ಇಮ್ಮಡಿಗೊಳಿಸಬಹುದು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಶಿಸ್ತಿನ ಹರಳಿನಲ್ಲಿ ಉದ್ದ ಎರಡರಷ್ಟಾದರೆ ಹೊಸ ಬೆಳಕು ನಾಲ್ಕರಷ್ಟಾಗುತ್ತದೆ, ಅಸ್ತವ್ಯಸ್ತ ಹರಳಿನಲ್ಲಿ ಎರಡರಷ್ಟು ಮಾತ್ರ. ಹೊಸ ಬೆಳಕು ಒಂದೇ ದಿಕ್ಕಿನಲ್ಲಿ ಹೋಗದೆ ಅಗಲವಾಗಿ ಹರಡುತ್ತದೆ. ಈ ಹರಡುವಿಕೆಯೂ ಪ್ರಯೋಜನಕ್ಕೆ ಬಂದಿದ್ದು, ಅತ್ಯಂತ ಅಲ್ಪಾವಧಿಯ ಲೇಸರ್ ಮಿಡಿತಗಳ ಅವಧಿಯನ್ನು ಅಳೆಯಲು ಇದನ್ನು ಬಳಸಲಾಗಿದೆ.

ಅಸ್ತವ್ಯಸ್ತ ಹರಳುಗಳ ಈ ಸಂಶೋಧನೆ ರಾಮನ್ ಅವರ ಕಾಲಾನಂತರದ್ದು. ಇದು ರಾಮನ್ ಪರಿಣಾಮಕ್ಕಿಂತ ಭಿನ್ನವಾದ ಕ್ರಿಯೆ ಎಂಬುದನ್ನೂ ಗಮನದಲ್ಲಿಡಬೇಕು. ಆದರೆ ಸಮುದ್ರದ ನೀಲಿಯಲ್ಲಿ ಅವರು ಕಂಡದ್ದು ಇಲ್ಲಿ ಬೇರೆ ರೂಪದಲ್ಲಿ ಮರಳಿದೆ. ಎಲ್ಲವೂ ಕ್ರಮವಾಗಿದ್ದಲ್ಲಿ ರದ್ದಾಗಿ ಹೋಗಬಹುದಾದ ಬೆಳಕು, ಅಕ್ರಮದ ದೆಸೆಯಿಂದ ಉಳಿದು ನಮ್ಮ ಕಣ್ಣಿಗೆ ತಲುಪುತ್ತದೆ.

ಕೊನೆಯ ದಿನಗಳು

ರಾಮನ್ ಅವರು ಕೊನೆಯವರೆಗೂ ಕಾರ್ಯನಿರತರಾಗಿದ್ದರು. ಸಂಸ್ಥೆಯ ತೋಟದ ಹೂವುಗಳ ಬಣ್ಣ, ರತ್ನಗಳ ಹೊಳಪು, ಕಣ್ಣು ಮತ್ತು ಕಿವಿಯ ಕಾರ್ಯ ಇವೆಲ್ಲವೂ ಅವರ ಅಧ್ಯಯನದ ವಿಷಯಗಳಾಗಿದ್ದವು. 1970ರ ಅಕ್ಟೋಬರ್ 2ರಂದು ಸಂಸ್ಥೆಯಲ್ಲಿ ಎಂದಿನಂತೆ ಗಾಂಧಿ ಸ್ಮಾರಕ ಉಪನ್ಯಾಸವನ್ನು ನೀಡಿದರು. ಅದೇ ವರ್ಷದ ನವೆಂಬರ್ 21ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರ ಅಂತ್ಯಕ್ರಿಯೆಯನ್ನು ಸಂಸ್ಥೆಯ ತೋಟದಲ್ಲಿಯೇ ನೆರವೇರಿಸಲಾಯಿತು. ಆ ಸ್ಥಳದಲ್ಲಿ ಕಟ್ಟಡವಾಗಲಿ ಮಂಟಪವಾಗಲಿ ಇಲ್ಲ. ಒಂದು ಮರವನ್ನು ನೆಡಲಾಗಿದೆ.

ಸಭೆಗಳಲ್ಲಿ ಉಪನ್ಯಾಸಕರು ಬಳಸುವ ಹಸಿರು ಲೇಸರ್ ಕಡ್ಡಿಯನ್ನು ಅನೇಕರು ನೋಡಿರಬಹುದು. ಅಂತಹ ಅನೇಕ ಕಡ್ಡಿಗಳೊಳಗೆ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಪುಟ್ಟದೊಂದು ಹರಳನ್ನು ಹಾದು ಹಸಿರಾಗಿ ಬದಲಾಗುತ್ತದೆ. ಮಕ್ಕಳು ಅದರ ಬಗ್ಗೆ ಪ್ರಶ್ನೆ ಕೇಳಿದಲ್ಲಿ, ಬೆಳಕು ವಸ್ತುವಿನೊಳಗೆ ಹೊಕ್ಕು ಬೇರೆ ಬಣ್ಣವಾಗಿ ಹೊರಬರಬಲ್ಲುದೆಂದು ನಮ್ಮ ದೇಶದಲ್ಲಿ ಮೊದಲು ಕಂಡು ಜಗತ್ತಿಗೆ ತಿಳಿಸಿದವರು, ಹಗಲು ಸರ್ಕಾರದ ಲೆಕ್ಕ ಬರೆದು ಸಂಜೆ ಪ್ರಯೋಗಾಲಯಕ್ಕೆ ನಡೆದು ಹೋಗುತ್ತಿದ್ದ ಅಧಿಕಾರಿಯಾಗಿ ತಮ್ಮ ಸಂಶೋಧನೆಯನ್ನು ಆರಂಭಿಸಿದ್ದರು ಎಂಬುದನ್ನು ಪೋಷಕರು ತಿಳಿಸಬಹುದಾಗಿದೆ.